ಯಾಕೆ ಬರಲಿಲ್ಲ?

ಒಂದು ಭಾನುವಾರದ ಆರಾಧನೆಯನ್ನು ತಪ್ಪಿಸಿಕೊಂಡವನು ಮುಂದಿನ ಭಾನುವಾರ ಕೋಲಾರದ ನಮ್ಮ ದೇವಾಲಯದ ಮೆಟ್ಟಿಲನ್ನೇರುವ ಮೊದಲು ಗಟ್ಟಿಯಾದೊಂದು ಸಮಾಧಾನವನ್ನು ಸಿದ್ಧಮಾಡಿಕೊಂಡು ಬರುವುದು ಕ್ಷೇಮ. ಚಪ್ಪಲಿ ಬಿಡುವಲ್ಲಿ ಒಬ್ಬರು, ಗೀತೆಯ ಪುಸ್ತಕವನ್ನು ಕೈಗೆ ಕೊಡುವಾಗ ಇನ್ನೊಬ್ಬರು, ಆಶೀರ್ವಾದ ಮುಗಿದು ಜನವೆಲ್ಲ ಹೊರಗಿನ ಮರದ ನೆರಳಿಗೆ ಬಂದ ಮೇಲೆ ಮತ್ತೆ ನಾಲ್ವರು, ಹೀಗೆ ಕಡಮೆಯೆಂದರೂ ಅರ್ಧ ಡಜನ್ ಮಂದಿ "ಹೋದ ವಾರ ಯಾಕೆ ಬರಲಿಲ್ಲ?" ಎಂದು ಕೇಳಿಯೇ ಕೇಳುವರು. ಜ್ವರವೆಂದರೆ ಯಾವ ಡಾಕ್ಟರು ಎನ್ನುವರು. ಊರಿಗೆ ಹೋಗಿದ್ದೆನೆಂದರೆ ಯಾರ ಮದುವೆ ಎನ್ನುವರು. ಸುಮ್ಮನೆ ಬರಲಿಲ್ಲವೆಂದು ಸತ್ಯವನ್ನೇ ನುಡಿದವನನ್ನಂತೂ, ಇವನ ಮನೆಯಲ್ಲಿ ಏನೋ ನಡೆದಿದೆ ಎಂಬ ಕಣ್ಣಿನಿಂದ ನೋಡಿ, ಸಂಜೆಯೊಳಗೆ ಸಭಾಪಾಲಕರಾದ ಅಯ್ಯನವರ ಕಿವಿಗೆ ಮುಟ್ಟಿಸುವರು. 34 ವರ್ಷ ಪ್ರೌಢಶಾಲೆಯಲ್ಲಿ ಕನ್ನಡದ ಮೇಷ್ಟ್ರಾಗಿ ದಿನಾ ಬೆಳಗ್ಗೆ ಹಾಜರಿ ಕೂಗಿದವನೇ ನಾನಾದರೂ, ನನ್ನ ಹಾಜರಿಯನ್ನು ಮತ್ತೊಬ್ಬರು ಕೂಗುವುದು ನನಗೆ ಸೇರುತ್ತಿರಲಿಲ್ಲ. ದೇವರಿಗೂ ನನಗೂ ನಡುವಿನ ಲೆಕ್ಕದಲ್ಲಿ ಈ ಮಧ್ಯಸ್ಥರು ಯಾರು ಎಂದು ನನ್ನ ಹೆಂಡತಿ ಬದುಕಿದ್ದಾಗ ಆಕೆಯೊಡನೆ ಎಷ್ಟೋ ಸಲ ಗೊಣಗಿದ್ದುಂಟು. "ನೀವು ಸತ್ತರೂ ಕೇಳದವರ ನಡುವೆ ಇರಬೇಕಾಗಿತ್ತೆ?" ಎಂದು ಆಕೆ ಒಲೆಯ ಮುಂದಿನಿಂದಲೇ ಉತ್ತರ ಕೊಡುತ್ತಿದ್ದಳು. ಆ ಮಾತಿನ ತೂಕ ನನಗೆ ತಿಳಿದದ್ದು ಆಕೆ ಹೋಗಿ ನಾಲ್ಕು ವರ್ಷಗಳಾದ ಮೇಲೆ.

2020ರ ಮಾರ್ಚ್ 22ನೆಯ ತಾರೀಖು, ಜನತಾ ಕರ್ಫ್ಯೂ ಎಂದು ಸಾರಿದ ದಿನ, ಭಾನುವಾರವಾಗಿತ್ತು. ಅದಾಗಿ ಎರಡೇ ದಿನಕ್ಕೆ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ದೇವಸ್ಥಾನ, ಮಸೀದಿ, ಚರ್ಚುಗಳು ಜೂನ್ 8ರ ವರೆಗೆ ತೆರೆಯಲಿಲ್ಲ. ಎಂದರೆ ನಮ್ಮ ಪಾಲಿಗೆ ಒಟ್ಟು ಹನ್ನೆರಡು ಭಾನುವಾರಗಳು ಗಂಟೆಯ ಸದ್ದಿಲ್ಲದೆ ಕಳೆದುಹೋದವು. ದೃಷ್ಟಿ ತೆಗೆದ ಸಾಸಿವೆಯನ್ನು ಒಲೆಗೆ ಹಾಕುವವರ ಬೀದಿಯಲ್ಲೂ, ಮೇಣದ ಬತ್ತಿ ಹಚ್ಚುವವರ ಬೀದಿಯಲ್ಲೂ ಒಂದೇ ನಿಶ್ಶಬ್ದ. ಕೋಲಾರಮ್ಮನ ಗುಡಿಯ ಬಾಗಿಲು ಮುಚ್ಚಿತ್ತು. ಅಂತರಗಂಗೆಯ ಮೆಟ್ಟಿಲುಗಳಲ್ಲಿ ಕೋತಿಗಳು ಮಾತ್ರ ಭಕ್ತಾದಿಗಳಾಗಿದ್ದುವೆಂದು ಹಾಲಿನವನು ಹೇಳಿದನು. ಅತ್ತ ರೋಮಿನಲ್ಲಿ ಮಾರ್ಚ್ 27ರ ಸಂಜೆ ಪೋಪ್ ಫ್ರಾನ್ಸಿಸರು ಮಳೆಯಲ್ಲಿ ತೊಯ್ದ ಬರಿದಾದ ಚೌಕದ ಮುಂದೆ ಒಬ್ಬರೇ ನಿಂತು ಲೋಕಕ್ಕಾಗಿ ಪ್ರಾರ್ಥಿಸಿದುದನ್ನು ಟೀವಿಯಲ್ಲಿ ಕಂಡಾಗ, ಮೆಥೊಡಿಸ್ಟನಾದ ನನಗೂ ಕಣ್ಣು ಹನಿಗೂಡಿತು. ಅಷ್ಟು ದೊಡ್ಡ ಸಭೆಯುಳ್ಳ ಆ ವೃದ್ಧರನ್ನು ಕೇಳುವವರೂ ಆ ಹೊತ್ತಿನಲ್ಲಿ ಯಾರೂ ಸುತ್ತಲಿರಲಿಲ್ಲವಲ್ಲ.

ಏಪ್ರಿಲ್ ಮೊದಲ ವಾರದಲ್ಲಿ ಅಯ್ಯನವರ ಫೋನು ಬಂದಿತು. "ಮೇಷ್ಟ್ರೇ, ಸಭೆಯನ್ನು ಹನ್ನೆರಡು ಹನ್ನೆರಡು ಮನೆಯಾಗಿ ಹಂಚಿದ್ದೇನೆ. ನಿಮ್ಮ ಪಾಲಿನ ಹೆಸರು ಬರೆದುಕೊಳ್ಳಿ. ವಾರಕ್ಕೊಮ್ಮೆ ಎಲ್ಲರನ್ನೂ ಮಾತಾಡಿಸಬೇಕು. ಪ್ರಸಂಗ ಮಾಡಬೇಡಿ, ಹೇಗಿದ್ದೀರಿ ಎಂದು ಕೇಳಿದರೆ ಸಾಕು." ಪ್ರಸಂಗ ಮಾಡಬೇಡಿ ಎಂದು ಮೇಷ್ಟ್ರಿಗೆ ಹೇಳಬೇಕಾಗಿ ಬಂದುದು ಅವರ ದೂರದೃಷ್ಟಿಯೆಂದೇ ನಾನು ಭಾವಿಸಿದ್ದೇನೆ.

ಈ ಹನ್ನೆರಡರ ಲೆಕ್ಕ ಅವರು ಹೊಸತಾಗಿ ಕಂಡುಹಿಡಿದದ್ದಲ್ಲ. 1742ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ ಜಾನ್ ವೆಸ್ಲಿಯವರ ಅನುಯಾಯಿಗಳು ತಾವು ಕಟ್ಟಿದ ಮಂದಿರದ ಮೇಲಿನ ಸಾಲವನ್ನು ತೀರಿಸುವ ಬಗೆ ಹೇಗೆಂದು ಕೂಡಿ ಯೋಚಿಸುತ್ತಿದ್ದಾಗ, ಒಬ್ಬ ನಿವೃತ್ತ ಹಡಗಿನ ಕಪ್ತಾನನೆದ್ದು, ತಲೆಗೆ ವಾರಕ್ಕೊಂದು ಪೆನ್ನಿಯಂತೆ ವಸೂಲು ಮಾಡೋಣವೆಂದನಂತೆ. ಬಡವರು ಅದನ್ನೆಲ್ಲಿಂದ ತಂದಾರು ಎಂದು ಇನ್ನೊಬ್ಬನು ಆಕ್ಷೇಪಿಸಲು, ಅತ್ಯಂತ ಬಡವರಾದ ಹನ್ನೊಂದು ಮಂದಿಯನ್ನು ನನಗೆ ಬಿಡಿ, ಅವರು ಕೊಟ್ಟರೆ ಸರಿ, ಕೊಡದಿದ್ದರೆ ಅವರ ಪಾಲನ್ನೂ ನಾನೇ ತೆರುತ್ತೇನೆ, ನೀವೂ ಒಬ್ಬೊಬ್ಬರು ಹಾಗೆಯೇ ಹನ್ನೊಂದು ಮಂದಿಯನ್ನು ವಹಿಸಿಕೊಳ್ಳಿ, ಎಂದು ಆತನು ಪರಿಹಾರ ಸೂಚಿಸಿದನಂತೆ. ಪೆನ್ನಿಗಾಗಿ ಬಾಗಿಲು ಬಾಗಿಲಿಗೆ ಹೋದವರಿಗೆ ಒಳಗಿನ ಸಂಗತಿಗಳು ಕಾಣಿಸತೊಡಗಿದುವು: ಒಬ್ಬನು ಕುಡಿಯುತ್ತಾನೆ, ಒಬ್ಬಳು ಹಾಸಿಗೆ ಹಿಡಿದಿದ್ದಾಳೆ, ಇನ್ನೊಂದು ಮನೆಯಲ್ಲಿ ಗಂಡಹೆಂಡಿರಿಗೆ ಮಾತಿಲ್ಲ. ಸಾಲ ತೀರಿಸಲೆಂದು ಹುಟ್ಟಿದ ಏರ್ಪಾಡು ಕ್ಷೇಮ ವಿಚಾರಿಸುವ ಏರ್ಪಾಡಾಯಿತು. ಅದಕ್ಕೇ 'ಕ್ಲಾಸು' ಎಂದು ಹೆಸರು. ನನ್ನ ತಾತನೂ ಕ್ಲಾಸು ಲೀಡರಾಗಿದ್ದನೆಂದು ಮನೆಯಲ್ಲಿ ಹೇಳುತ್ತಿದ್ದರು. ನನ್ನ ಕಾಲಕ್ಕೆ ಆ ಪದವಿ ಹೆಸರಿಗಷ್ಟೇ ಉಳಿದು, ಆಮೇಲೆ ಹೆಸರೂ ಅಳಿದಿತ್ತು. ಮಹಾಮಾರಿಯೊಂದು ಬಂದು 278 ವರ್ಷಗಳ ಹಿಂದಿನ ಆ ಕಪ್ತಾನನನ್ನು ಕೋಲಾರಕ್ಕೆ ಕರೆತಂದಿತು.

ನಿವೃತ್ತನಾದಾಗ ಮನೆಗೆ ತಂದಿದ್ದ, ಒಂದು ಹಾಳೆಯನ್ನೂ ಬಳಸದ ಹಾಜರಿ ಪುಸ್ತಕವೊಂದು ನನ್ನಲ್ಲಿತ್ತು. ಅದರಲ್ಲಿ ಹನ್ನೆರಡು ಹೆಸರುಗಳನ್ನು ಬರೆದು, ಫೋನು ಎತ್ತಿದವರ ಮುಂದೆ 'ಹಾ' ಎಂದೂ ಎತ್ತದವರ ಮುಂದೆ 'ಗೈ' ಎಂದೂ ಗುರುತಿಸತೊಡಗಿದೆನು. ನನ್ನವರು ಕೋಲಾರವೊಂದರಲ್ಲೇ ಇದ್ದವರಲ್ಲ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ನೆಲೆಸಿಯೂ, ಆಯಾ ಊರುಗಳಲ್ಲಿ ಸಭೆಗಳಿದ್ದಾಗ್ಯೂ, ತಾವು ಮಿಷನ್ ಹಾಸ್ಟೆಲಿನಲ್ಲಿ ಓದಿದ ಮಮತೆಯಿಂದಲೋ, ತಾಯ್ತಂದೆಯರ ಸಮಾಧಿ ಇಲ್ಲಿದೆಯೆಂಬ ಕಾರಣದಿಂದಲೋ, ಕೋಲಾರದ ಪಟ್ಟಿಯಲ್ಲಿ ಹೆಸರು ಉಳಿಸಿಕೊಂಡವರು.

ಮಾಲೂರಿನವನು ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಗೂಡು ಆರಿ ಹದಿನೈದು ದಿನವಾಗಿದೆ, ಉತ್ತರದ ಕಡೆಯ ಕೂಲಿಗಳು ಊರಿಗೆ ಹೋಗಲು ರೈಲಿಲ್ಲದೆ ಒಣಗಲು ಹರಡಿದ ಹಸಿ ಹೆಂಚಿನ ಪಕ್ಕದಲ್ಲೇ ಮಲಗುತ್ತಿದ್ದಾರೆ, ಅವರಿಗೆ ನಮ್ಮ ರಾಗಿಮುದ್ದೆ ಇಳಿಯದು, ಗೋಧಿಹಿಟ್ಟು ಬೇಕು, ಎಂದು ಅವನು ತನ್ನ ಕಷ್ಟವನ್ನು ಬಿಟ್ಟು ಅವರದನ್ನೇ ಹೇಳಿದನು. ಮುಳಬಾಗಿಲಿನಲ್ಲಿದ್ದ ನರ್ಸಮ್ಮನವರದು ಬೇರೆಯ ಕಥೆ. ಅವರ ತಂಗಿ ಪಲಮನೇರಿನಲ್ಲಿ; ನಡುವೆ ನಂಗಲಿಯ ಗಡಿ. ಮುಂಚೆ ಮೀನು ಕೊಳ್ಳಲೂ ದಾಟುತ್ತಿದ್ದ ಗಡಿಯನ್ನು ತಂಗಿಯ ಗಂಡನ ಮಣ್ಣಿಗೂ ದಾಟಲಾಗಲಿಲ್ಲ. ಮೇ ತಿಂಗಳ ಎರಡನೆಯ ವಾರದವರೆಗೆ ನಮ್ಮ ಜಿಲ್ಲೆಯಲ್ಲಿ ಒಂದು ಪ್ರಕರಣವೂ ಇರಲಿಲ್ಲ. ಹಸಿರು ವಲಯವೆಂದು ನಾವು ಬೀಗುತ್ತಿದ್ದೆವು. ಕೊನೆಗೆ ಒಂದೇ ದಿನ ಐದು ಪ್ರಕರಣಗಳು ಮುಳಬಾಗಿಲು ತಾಲ್ಲೂಕಿನಿಂದ ಬಂದುವೆಂದು ಕೇಳಿದೊಡನೆ ನಾನು ಗಾಬರಿಯಿಂದ ಫೋನು ಮಾಡಿದರೆ, ಆಕೆ, "ಮೇಷ್ಟ್ರೇ, ಕಾಯಿಲೆ ಬಂದವರಿಗಿಂತ ಅವರ ಪಕ್ಕದ ಮನೆಯವರನ್ನು ನೋಡಿಕೊಳ್ಳೋದು ಕಷ್ಟ, ಹೆದರಿಕೆಗೆ ಮಾತ್ರೆ ಇಲ್ಲ," ಎಂದರು.

ಒಂಬತ್ತನೆಯ ಹೆಸರು ಶ್ರೀನಿವಾಸಪುರದ ಹತ್ತಿರದ ಹಳ್ಳಿಯ ಒಬ್ಬ ಅಜ್ಜಿಯದು. ಎರಡೂವರೆ ಎಕರೆ ಮಾವಿನ ತೋಪು, ಒಂದು ಹಸು, ಬೆಂಗಳೂರಿನಲ್ಲಿ ಗಾರೆ ಕೆಲಸ ಬಿಟ್ಟು ಬಂದ ಮೊಮ್ಮಗ. ನಮ್ಮ ಸೀಮೆಯ ರೂಢಿಯಂತೆ ಪ್ರಾರ್ಥನೆ ಕನ್ನಡದಲ್ಲಿ, ಜಗಳ ಮತ್ತು ಪ್ರೀತಿ ತೆಲುಗಿನಲ್ಲಿ. ನಾನು ಕ್ಷೇಮ ವಿಚಾರಿಸುವುದಕ್ಕೆ ಆಕೆ ಅವಕಾಶವನ್ನೇ ಕೊಡುತ್ತಿರಲಿಲ್ಲ. "ಬಾಗುಂಡಾರಾ ಅಯ್ಯವಾರೂ?" ಎಂದು ಮೊದಲು ತಾನೇ ಕೇಳಿ, ನಾನು ಏನು ಉಂಡೆ, ಯಾರು ಬೇಯಿಸಿದರು, ಸಾರಿಗೆ ಉಪ್ಪು ಸರಿಯಾಗಿತ್ತೆ ಎಂಬುದನ್ನೆಲ್ಲ ಒಂದೊಂದಾಗಿ ಕೆದಕಿ ತಿಳಿದುಕೊಂಡ ಬಳಿಕವೇ ತನ್ನ ಮಾವಿನ ವಿಷಯಕ್ಕೆ ಬರುವಳು. ತೋತಾಪುರಿ ಕಾಯಿ ಚಿತ್ತೂರಿನ ಕಡೆಯ ರಸದ ಕಾರ್ಖಾನೆಗಳಿಗೆ ಹೋಗಬೇಕು. ಲಾರಿಯವನು ಬರುವನೋ ಇಲ್ಲವೋ. ಬಾದಾಮಿಗೆ ಈ ವರ್ಷ ವ್ಯಾಪಾರಿಯೇ ಇಲ್ಲ. ಹನ್ನೆರಡು ಮನೆಗಳನ್ನು ನಾನು ವಿಚಾರಿಸುತ್ತಿದ್ದೇನೆಂದು ಅಯ್ಯನವರು ತಿಳಿದಿದ್ದರು. ಲೆಕ್ಕ ಹಾಕಿ ನೋಡಿದರೆ, ಒಂಟಿ ಮುದುಕನೊಬ್ಬನನ್ನು ವಾರಕ್ಕೆ ಹನ್ನೆರಡು ಮಂದಿ ವಿಚಾರಿಸುವಂತೆ ಅವರು ಏರ್ಪಾಡು ಮಾಡಿದ್ದರೆಂದು ನನಗೆ ಈಗ ಅನುಮಾನ.

ಫೋನಿನ ಪರದೆಯ ಮೇಲಿನ ಆರಾಧನೆಯ ಬಗ್ಗೆ ಹೆಚ್ಚು ಹೇಳಲಾರೆ. ಎಲ್ಲರೂ ಒಟ್ಟಿಗೆ ಹಾಡಿದರೆ ಒಬ್ಬರ ಪಲ್ಲವಿ ಮುಗಿಯುವಷ್ಟರಲ್ಲಿ ಇನ್ನೊಬ್ಬರದು ಶುರುವಾಗಿ ದೇವಸ್ತುತಿಯು ಸಂತೆಯ ಕೂಗಾಗುತ್ತಿತ್ತು. ಅಯ್ಯನವರು ರೋಗಿಗಳಿಗಾಗಿ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿರುವಾಗ ಯಾರದೋ ಮನೆಯ ಒಳಗಿನಿಂದ "ಹಾಲು ಉಕ್ತು!" ಎಂಬ ಆರ್ತನಾದ ಬಂದುದುಂಟು; ಆ ದಿನದ ಪ್ರಾರ್ಥನೆಗಳಲ್ಲಿ ಅದರಷ್ಟು ಪ್ರಾಮಾಣಿಕವಾದುದು ಇನ್ನೊಂದಿರಲಿಲ್ಲವೆಂದು ನನ್ನ ಮತ.

ಆದರೆ ನಮ್ಮ ಸಭೆಗೆ ವಿಪತ್ತು ಹೊಸದಲ್ಲ. ವಿಪತ್ತೇ ಅದರ ತೊಟ್ಟಿಲು. 1876ರಲ್ಲಿ ಮಳೆ ಹೋಗಿ, ಧಾತು ಮತ್ತು ಈಶ್ವರ ಸಂವತ್ಸರಗಳೆರಡೂ ಹಸಿವಿನಲ್ಲೇ ಉರುಳಿದ ಆ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಎಷ್ಟು ಜನವನ್ನು ಕಳೆದುಕೊಂಡಿತೆಂಬುದಕ್ಕೆ ಜನಗಣತಿಯೇ ಸಾಕ್ಷಿ: 1871ರಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷದೊಳಗೆ ಇಳಿದಿತ್ತು. ಆಗ ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ದೊರೆಸಾನಿ ಅನಾಥಾಲಯವೊಂದನ್ನು ನಡೆಸಿ ಕ್ಷಾಮದ ಮಕ್ಕಳನ್ನು ಸಾಕಿದಳು. 1890ರ ಸುಮಾರಿಗೆ ಅದು ಅಮೆರಿಕದ ಮೆಥೊಡಿಸ್ಟ್ ಮಿಷನ್ನಿನವರ ಕೈಸೇರಿತು. ಕೋಲಾರದ ಹಳೆಯ ಕ್ರೈಸ್ತ ಮನೆತನಗಳಲ್ಲಿ ಎಷ್ಟೋ ವಂಶವೃಕ್ಷಗಳು ಆ ಅನಾಥಾಲಯದ ಬಾಗಿಲಿನಲ್ಲಿ ನಿಂತುಬಿಡುತ್ತವೆ. ಅದರಿಂದಾಚೆಗೆ ಹೆಸರಿಲ್ಲ, ಊರಿಲ್ಲ, ಕುಲವಿಲ್ಲ. ನಮ್ಮದೂ ಹಾಗೆಯೇ. ನನ್ನ ಮುತ್ತಜ್ಜನನ್ನು, ನೀನು ಯಾಕೆ ಮನೆಗೆ ಬರಲಿಲ್ಲ ಎಂದು ಕೇಳುವುದಕ್ಕೆ ಹಿಂದೆ ಒಬ್ಬರೂ ಉಳಿದಿರಲಿಲ್ಲ. ಅಂಥವರು ಕೂಡಿ ಕಟ್ಟಿದ ಸಭೆಯಲ್ಲಿ ಆ ಪ್ರಶ್ನೆಗೆ ಇಷ್ಟೊಂದು ಪ್ರಾಶಸ್ತ್ಯ ಬಂದುದು ಸಹಜವೇ ಸರಿ. ಇದು ನನಗೆ ಹೊಳೆಯಲು ಎಪ್ಪತ್ತೊಂದು ವರ್ಷ ಬೇಕಾಯಿತು.

ಅನಂತರ 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು, ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಕಾಲ. 1918ರ ಇನ್‌ಫ್ಲುಯೆಂಜಾದ ಕಾಲ. ಆ ಹೊತ್ತಿಗೆ ಎಲೆನ್ ಥೋಬರ್ನ್ ಕೋವೆನ್ ಎಂಬ ಅಮೆರಿಕದ ಮಹಿಳೆಯ ಸ್ಮರಣಾರ್ಥವಾಗಿ ಕಟ್ಟಿದ ಮಿಷನ್ ಆಸ್ಪತ್ರೆ ಕೋಲಾರದಲ್ಲಿತ್ತು. ಇ.ಟಿ.ಸಿ.ಎಂ. ಎಂಬ ನಾಲ್ಕಕ್ಷರಗಳನ್ನು ಬಿಡಿಸಿ ಹೇಳಬಲ್ಲವರು ಊರಿನಲ್ಲಿ ಈಗ ಕಡಮೆ. ಅಲ್ಲಿ ಹುಟ್ಟಿದವರು ಮಾತ್ರ ಎಲ್ಲ ಜಾತಿಗಳಲ್ಲೂ ಇದ್ದಾರೆ. ನಾನೂ ಅಲ್ಲಿಯೇ ಹುಟ್ಟಿದವನು.

ನಮ್ಮ ಹೆಂಗಸರಲ್ಲಿ ಹಿಡಿ ರಾಗಿಯ ಪದ್ಧತಿಯೊಂದುಂಟು. ಬೇರೆಡೆ ಅದು ಹಿಡಿ ಅಕ್ಕಿ. ನಮ್ಮದು ರಾಗಿಯ ನಾಡು. ದಿನಾ ಅಡುಗೆಗೆ ಅಳೆಯುವಾಗ ದೇವರ ಹೆಸರಿನಲ್ಲಿ ಒಂದು ಹಿಡಿಯನ್ನು ಬೇರೆ ಡಬ್ಬಿಗೆ ಹಾಕಿ, ಭಾನುವಾರ ತಂದು ಒಪ್ಪಿಸುವುದು. ಬಾಗಿಲು ಮುಚ್ಚಿದ ಮೇಲೆ ಆ ಡಬ್ಬಿಗಳ ನೆನಪು ಗಂಡಸರಾದ ನಮಗೆ ಯಾರಿಗೂ ಬರಲಿಲ್ಲ. ಏಪ್ರಿಲ್ ಕೊನೆಯಲ್ಲಿ ಪಾಸು ಪಡೆದ ಹುಡುಗನೊಬ್ಬನು ಟಿ.ವಿ.ಎಸ್. ಮೇಲೆ ಮನೆಮನೆಗೆ ಹೋಗಿ ನೋಡಿದರೆ, ಹಾರ್ಲಿಕ್ಸ್ ಡಬ್ಬಿ, ಡಾಲ್ಡಾ ಡಬ್ಬಿ, ಮುಚ್ಚಳ ಕಳೆದುಹೋದ ಬಿಸ್ಕತ್ತಿನ ಟಿನ್ನು, ಎಲ್ಲವೂ ಕಂಠದವರೆಗೆ ತುಂಬಿದ್ದುವು. ಒಂದು ಮನೆಯಲ್ಲಿ ಡಬ್ಬಿ ತುಂಬಿದ ಮೇಲೆ ಹಳೆಯ ತಲೆದಿಂಬಿನ ಚೀಲವೊಂದನ್ನು ಒಗೆದು ಅದಕ್ಕೆ ತುಂಬತೊಡಗಿದ್ದರಂತೆ. ಕೇಳುವವರಿಲ್ಲವೆಂದು ಯಾರೂ ಒಂದು ಹಿಡಿಯನ್ನೂ ತಪ್ಪಿಸಿರಲಿಲ್ಲ. ಬ್ರಿಸ್ಟಲ್ಲಿನ ಪೆನ್ನಿ ನಮ್ಮಲ್ಲಿ ರಾಗಿಕಾಳಾಗಿತ್ತು.

ಆ ರಾಗಿಗೆ ಮಾಲೂರಿನವನ ಸೂಚನೆಯಂತೆ ಗೋಧಿಹಿಟ್ಟು ಸೇರಿತು. ಸಭೆಯ ರೈತನೊಬ್ಬನು, ಮಂಡಿಗೆ ಒಯ್ದರೆ ಕ್ರೇಟಿನ ಬಾಡಿಗೆಯೂ ಗಿಟ್ಟದೆಂದು ಹೊಲದಲ್ಲೇ ಬಿಡಲಿದ್ದ ಟೊಮೆಟೊವನ್ನು ಕೊಟ್ಟನು. ಕೋಲಾರದಲ್ಲಿ ಟೊಮೆಟೊ ದಾನಮಾಡುವುದೆಂದರೆ ಸಮುದ್ರಕ್ಕೆ ಉಪ್ಪು ದಾನಮಾಡಿದಂತೆಯೇ ಆದರೂ, ದಿನಗೂಲಿಯವರ ಬೀದಿಗಳಲ್ಲಿ ಆ ಕ್ರೇಟುಗಳು ಅರ್ಧ ಗಂಟೆಯಲ್ಲಿ ಬರಿದಾದುವು. ರಂಜಾನಿನ ಉಪವಾಸದ ಕಾಲವಾದ್ದರಿಂದ ಸಾಬರ ಓಣಿಗೆ ಸಂಜೆಗೆ ಮುಂಚೆ ತಲಪಿಸಬೇಕೆಂದು ಹುಡುಗರೇ ನೆನಪಿಟ್ಟು ಗಾಡಿ ಹೊಡೆದರು. ಆ ದಿನಗಳಲ್ಲಿ ಆ ಓಣಿಯತ್ತ ಕೆಲವರು ಯಾವ ಕಣ್ಣಿನಿಂದ ನೋಡುತ್ತಿದ್ದರೆಂಬುದನ್ನು ಬಲ್ಲವರಿಗೆ ಇದು ಸಣ್ಣ ಸಂಗತಿಯಲ್ಲವೆಂದು ತಿಳಿದೀತು. ಸ್ತ್ರೀ ಸಂಘದವರು ದೇವಾಲಯದ ಕಿಟಕಿಯ ಪರದೆಗೆಂದು ತಂದಿಟ್ಟಿದ್ದ ಬಟ್ಟೆಯನ್ನು ಕತ್ತರಿಸಿ ಮಾಸ್ಕು ಹೊಲಿದರು. ಊರಿನ ಅರ್ಧ ಜನ ಕೆಲವು ಕಾಲ ಒಂದೇ ತಿಳಿನೀಲಿ ಹೂವಿನ ಮೂತಿ ಹೊತ್ತು ಓಡಾಡಿದರು. ಒಂದೇ ವಿಷಯಕ್ಕೆ ನಾನು ಜಗಳವಾಡಿದೆ: ಚೀಲ ಕೊಡುವಾಗ ಫೋಟೊ ತೆಗೆಯುವುದು. ಕೊಡುವವನು ಕ್ಯಾಮೆರಾವನ್ನೂ, ಪಡೆಯುವವನು ನೆಲವನ್ನೂ ನೋಡುವ ಆ ಚಿತ್ರಗಳು ನನಗೆ ಅಸಹ್ಯ. ಹುಡುಗರು ಮುಖ ಉಬ್ಬಿಸಿದರು. ಆದರೂ ಫೋನು ಜೇಬಿಗೆ ಹೋಯಿತು.

ಈಸ್ಟರ್ ಆ ವರ್ಷ ಏಪ್ರಿಲ್ 12ಕ್ಕೆ. ನಮ್ಮಲ್ಲಿ ಅಂದು ಬೆಳಕು ಹರಿಯುವ ಮುನ್ನ ಸಮಾಧಿಗಳ ಬಳಿಗೆ ಹೋಗಿ, ಸುಣ್ಣ ಬಳಿದ ಕಲ್ಲುಗಳ ಮೇಲೆ ಮೇಣದ ಬತ್ತಿ ಹಚ್ಚಿ, ಸೂರ್ಯೋದಯಕ್ಕೆ ಸರಿಯಾಗಿ ಹಾಡುವುದು ರೂಢಿ. ಅಂದು ನಾಲ್ಕೂವರೆಗೆ ಎಚ್ಚರವಾಗಿ, ಅಭ್ಯಾಸಬಲದಿಂದ ಪಂಚೆಯುಟ್ಟು, ಬೆಂಕಿಪೊಟ್ಟಣವನ್ನು ಜೇಬಿಗಿಳಿಸಿ, ಬಾಗಿಲ ಚಿಲಕಕ್ಕೆ ಕೈಯಿಟ್ಟ ಮೇಲೆ ನನಗೆ ಹೋಗುವಂತಿಲ್ಲವೆಂಬುದು ನೆನಪಾಯಿತು. ಹೆಂಡತಿಯ ಪಾಲಿನ ಬತ್ತಿಯನ್ನು ಕಾಂಪೌಂಡು ಗೋಡೆಯ ಮೇಲೆ ಹಚ್ಚಿ ನಿಂತೆ. ಎದುರು ಮನೆಯ ಶಾಸ್ತ್ರಿಗಳು ಹಾಲಿಗೆಂದು ಹೊರಗೆ ಬಂದವರು, ದೂರದಿಂದಲೇ, "ಏನು ಮೇಷ್ಟ್ರೇ, ಮತ್ತೆ ದೀಪ ಹಚ್ಚೋಕೆ ಹೇಳಿದಾರಾ?" ಎಂದು ಕೇಳಿದರು; ಹೋದ ಭಾನುವಾರವಷ್ಟೇ ದೇಶವೆಲ್ಲ ರಾತ್ರಿ ಒಂಬತ್ತಕ್ಕೆ ದೀಪ ಹಚ್ಚಿತ್ತಲ್ಲವೆ. ಇಲ್ಲ, ಇವತ್ತು ಈಸ್ಟರು, ಇದು ನಮ್ಮ ಮನೆಯವಳಿಗೆ, ಎಂದೆ. ಅವರು ಏನೂ ಹೇಳದೆ ಒಳಗೆ ಹೋಗಿ, ಹಾಲಿನ ಪಾತ್ರೆಯನ್ನಿಟ್ಟು ಮತ್ತೆ ಬಂದು, ಬತ್ತಿ ಆರುವವರೆಗೆ ತಮ್ಮ ಬಾಗಿಲಲ್ಲೇ ನಿಂತಿದ್ದರು.

ಜೂನಿನಲ್ಲಿ ಬಾಗಿಲು ತೆರೆದರೂ 65 ದಾಟಿದವರು ಮನೆಯಲ್ಲೇ ಇರಬೇಕೆಂದರು. ಜುಲೈಯಲ್ಲಿ ರಾಜ್ಯದಾದ್ಯಂತ ಭಾನುವಾರಗಳಂದೇ ಪೂರ್ಣ ನಿರ್ಬಂಧ ಬಂದಿತು. ವಾರದ ಏಳು ದಿನಗಳಲ್ಲಿ ಸರಕಾರಕ್ಕೆ ಹೊಳೆದದ್ದು ಅದೊಂದೇ! ಹಾಜರಿ ಪುಸ್ತಕ ಮುಂದುವರಿಯಿತು. ಸುಗ್ಗಿಯ ಆರಾಧನೆಯ ಹರಾಜನ್ನೂ ಫೋನಿನಲ್ಲೇ ನಡೆಸಿ, ಶ್ರೀನಿವಾಸಪುರದ ಅಜ್ಜಿ ಕಳುಹಿಸಿದ ಕುಂಬಳಕಾಯಿಯನ್ನು ನಾನು ಮುನ್ನೂರೈವತ್ತು ರೂಪಾಯಿಗೆ ಕೂಗಿ ಕೊಂಡೆ. ಮುನ್ನೂರಕ್ಕೆ ನಿಲ್ಲಬೇಕಾಗಿತ್ತು, ಮೇಲಿನ ಐವತ್ತಕ್ಕೆ ನಿಮಗೆ ಯಾರು ಎದುರು ಕೂಗಿದರು ಎಂದು ಮುಂದಿನ ಶನಿವಾರ ಆಕೆ ನನ್ನನ್ನು ತರಾಟೆಗೆ ತೆಗೆದುಕೊಂಡಳು.

2021ರ ಎರಡನೆಯ ಅಲೆ ಬೇರೆಯೇ ಜಾತಿಯದು. ಅದರ ಬಗ್ಗೆ ವಿಸ್ತರಿಸಿ ಬರೆಯಲು ಮನಸ್ಸಾಗುವುದಿಲ್ಲ. ಬೆಂಗಳೂರಿನಲ್ಲಿ ಕಥೋಲಿಕ ಮಹಾಧರ್ಮಪ್ರಾಂತದ 'ಮರ್ಸಿ ಏಂಜಲ್ಸ್' ಎಂಬ ಸ್ವಯಂಸೇವಕರು ಹೆಗಲು ಕೊಡುವವರಿಲ್ಲದ ಶವಗಳನ್ನು ಮಣ್ಣುಮಾಡುತ್ತಿದ್ದ ಸುದ್ದಿ ದಿನಾ ಬರುತ್ತಿತ್ತು. ನಮ್ಮಲ್ಲೂ ಹಿಂದಿನ ವರ್ಷ ಟೊಮೆಟೊ ಹೊತ್ತ ಹುಡುಗರೇ ಆ ಕೆಲಸಕ್ಕೆ ನಿಂತರು. ಮೇ ತಿಂಗಳ ಒಂದು ಶನಿವಾರ ಒಂಬತ್ತನೆಯ ಹೆಸರಿನ ಮುಂದೆ ನಾನು 'ಗೈ' ಎಂದು ಬರೆದೆ. ಎರಡು ದಿನ ಕಳೆದು ಮೊಮ್ಮಗನ ಫೋನು ಬಂದಿತು. ಮಣ್ಣಿಗೆ ಐದೇ ಮಂದಿ. ಅಯ್ಯನವರು ತಮ್ಮ ಫೋನನ್ನು ಹಚ್ಚಿ ಜೇಬಿನಲ್ಲಿಟ್ಟುಕೊಂಡಿದ್ದರಿಂದ, ನಾನು ಮನೆಯ ಕುರ್ಚಿಯಲ್ಲಿ ಕುಳಿತು ಕಿವಿಯಿಂದಲೇ ಹೋಗಿ ಬಂದೆ. ಪ್ಲಾಸ್ಟಿಕ್ಕಿನ ನಿಲುವಂಗಿಗಳ ಸರಸರ, ಹಾರೆಯ ಬಾಯಿ ಕಲ್ಲಿಗೆ ತಗುಲಿದ ಸದ್ದು, ಮೊದಲ ಹೆಂಟೆಗಳು ಮರದ ಮೇಲೆ ಬಿದ್ದ ಸದ್ದು, ಅನಂತರ ಮಣ್ಣಿನ ಮೇಲೆ ಮಣ್ಣು ಬಿದ್ದ ಸದ್ದು. ಅಯ್ಯನವರ ಪ್ರಾರ್ಥನೆ ಮುಸುಕಿನೊಳಗಿಂದ ಸ್ಪಷ್ಟವಾಗಿ ಕೇಳಿಸಲಿಲ್ಲ. ಕೊನೆಗೆ ಯಾರೋ ಒಬ್ಬ ಹುಡುಗನು "ನೀರು ಕೊಡೋ" ಎಂದದ್ದು ಮಾತ್ರ ಕೇಳಿಸಿತು.

ಹೆಸರನ್ನು ಹೊಡೆದುಹಾಕಲು ಶಾಯಿಯ ಪೆನ್ನು ತೆಗೆದುಕೊಂಡೆನಾದರೂ ಆಗಲಿಲ್ಲ. ಮುಂದಿನ ಶನಿವಾರ ಕೈ ತಾನಾಗಿ ಆ ನಂಬರನ್ನು ಒತ್ತಿತು. ಅಜ್ಜಿಯ ಫೋನನ್ನು ಮೊಮ್ಮಗ ಇಟ್ಟುಕೊಂಡಿದ್ದನು. ಎತ್ತಿ, ಕ್ಷಣಕಾಲ ಸುಮ್ಮನಿದ್ದು, "ಹಸು ಕರು ಹಾಕ್ತು ಮೇಷ್ಟ್ರೇ, ಹೆಣ್ಗರು," ಎಂದನು.

ಇದು ನಡೆದು ಬಹಳ ಕಾಲವಾಯಿತು. ದೇವಾಲಯದಲ್ಲಿ ಈಗ ಬೆಂಚುಗಳು ಮೊದಲಿನಂತೆ ತುಂಬುತ್ತವೆ. ಮರದ ಕೆಳಗೆ ವಿಚಾರಣೆಗಳೂ ಮೊದಲಿನಂತೆಯೇ ನಡೆಯುತ್ತವೆ. ಉಳಿದ ಹನ್ನೊಂದು ಮನೆಯವರಿಗೆ ನನ್ನ ಫೋನಿನ ಅಗತ್ಯವಿಲ್ಲ. ಶ್ರೀನಿವಾಸಪುರದ ಆ ಹುಡುಗನಿಗೆ ಮಾತ್ರ ಶನಿವಾರ ಸಂಜೆ ಏಳಕ್ಕೆ ಈಗಲೂ ಮಾಡುತ್ತೇನೆ. ಮೂರು ನಿಮಿಷದ ಮಾತು: ಮಳೆ, ಹೂವು ಕಚ್ಚಿದ್ದು, ಹಾಲಿನ ಡೈರಿಯ ರೇಟು. ಅವನು ದೇವಾಲಯದ ಕಡೆ ತಲೆ ಹಾಕುವವನಲ್ಲ. ಅಜ್ಜಿಯ ಮಣ್ಣಾದ ಮೇಲೆ ಒಂದು ಭಾನುವಾರವೂ ಬಂದಿಲ್ಲ. ಯಾಕೆ ಬರಲಿಲ್ಲವೆಂದು ನಾನು ಇದುವರೆಗೂ ಅವನನ್ನು ಕೇಳಿಲ್ಲ. ಹೋದ ಶನಿವಾರ ಕಣ್ಣಿನ ಪೊರೆ ತೆಗೆಸಿಕೊಂಡು ಪಟ್ಟಿ ಕಟ್ಟಿಕೊಂಡು ಮಲಗಿದ್ದೆನಾಗಿ ಫೋನು ಮಾಡಲಾಗಲಿಲ್ಲ. ಏಳೂಕಾಲಿಗೆ ನನ್ನ ಫೋನೇ ಗುಣುಗುಣಿಸಿತು. ಪಟ್ಟಿಯ ಕಣ್ಣಿಗೆ ನಂಬರು ಕಾಣದಿದ್ದರೂ, ಎತ್ತಿದೊಡನೆ ಹಿನ್ನೆಲೆಯಲ್ಲಿ ಆ ಕರು, ಈಗ ಅದೂ ಹಸುವಾಗಿದೆ, ಅಂಬಾ ಎಂದದ್ದು ಕೇಳಿಸಿತು.

"ಸಾರಿಗೆ ಉಪ್ಪು ಸರಿಯಾಗಿತ್ತಾ ಮೇಷ್ಟ್ರೇ?" ಎಂದು ಕೇಳಿದನು.